ಟೈರು ಸುಡುವ ಸವತಿ

ಹೊಟ್ಟೆಕಿಚ್ಚು ಪಡಲು ಎದುರಿಗೆ ಮನುಷ್ಯರೇ ಇರಬೇಕೆಂದಿಲ್ಲ. ಮದುವೆಯಾದಾಗಿನಿಂದ ನನಗೆ ಒಂದು ಕಾರಿನ ಮೇಲಿತ್ತು. ಅಮೆರಿಕದ ಹಳೆಯ ಕೆಂಪು ಕಾರು. ದೊಡ್ಡ ಎಂಜಿನ್ನು, ಅದರ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಜಪಾನಿನ ನಗೋಯಾದ ಕಾರ್ಖಾನೆಯಲ್ಲಿ ವಾರವೆಲ್ಲ ಸದ್ದಿಲ್ಲದ ಕಾರುಗಳನ್ನು ಮಾಡುತ್ತಿದ್ದ ನಮ್ಮವರು ಭಾನುವಾರ ಇದರ ಸದ್ದು ಕೇಳಲು ಓಡುತ್ತಿದ್ದರು. ನನಗೆ ಜ್ವರ ಬಂದರೆ "ಮಾತ್ರೆ ತಗೊಂಡ್ಯಾ?" ಎನ್ನುವವರು, ಅದು ಕೊಂಚ ಕೆಮ್ಮಿದರೆ "ಏನಾಯ್ತು ಚಿನ್ನ?" ಎಂದು ಬಾನೆಟ್ ಸವರುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು "ಏನೇ" ಎಂದು.

ಕಳೆದ ವರ್ಷ ಅವರು ತೀರಿಕೊಂಡರು. ಕಾರು ಉಳಿಯಿತು. ಅವರ ಗೆಳೆಯ ಸಾತೋ-ಸಾನ್ ಕೇಳಿದ್ದೇ ತಡ, "ತಗೊಂಡು ಹೋಗಿ" ಎಂದುಬಿಟ್ಟೆ. "ಕೊಡುವ ಮೊದಲು ನೀವೇ ಒಂದು ಬರ್ನ್‌ಔಟ್ ಮಾಡಿ, ಸುಮಾ-ಸಾನ್. ಅವರ ನೆನಪಿಗೆ" ಎಂದರು. ಬರ್ನ್‌ಔಟ್ ಎಂದರೆ ಕಾರು ನಿಂತಲ್ಲೇ ಟೈರು ಸುಡುವುದು. ಸವತಿಯ ಕಾಲು ಸುಡುವ ಅವಕಾಶ, ಒಪ್ಪಿದೆ.

ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಸಾತೋ-ಸಾನ್ ಹಿಂದಿನ ಟೈರುಗಳ ಕೆಳಗೆ ನೀರು ಸುರಿದರು. ಎಡಗಾಲಲ್ಲಿ ಬ್ರೇಕ್ ಒತ್ತಿ ಹಿಡಿದು ಬಲಗಾಲಲ್ಲಿ ಆಕ್ಸಿಲರೇಟರ್ ತುಳಿಯಬೇಕು. ಮುಂದಿನ ಚಕ್ರಗಳು ನಿಂತೇ ಇರುತ್ತವೆ. ಹಿಂದಿನವು ಇದ್ದಲ್ಲೇ ಸುತ್ತಿ ಹೊಗೆಯೆಬ್ಬಿಸುತ್ತವೆ. ನಾನು ಜಾಗ್ರತೆಗೆಂದು ಹ್ಯಾಂಡ್‌ಬ್ರೇಕನ್ನೂ ಎಳೆದಿಟ್ಟೆ. ಕಾರು ಗುರುಗುಟ್ಟಿತು, ಅಷ್ಟೇ.

"ಅಮ್ಮಾ, ಹ್ಯಾಂಡ್‌ಬ್ರೇಕ್ ಹಿಡಿಯೋದೇ ಬ್ಯಾಕ್ ವೀಲ್ಸ್‌ನ! ಅಪ್ಪ ಟೋಲ್ಡ್ ಯು ಸೋ ಮೆನಿ ಟೈಮ್ಸ್!" ಪಕ್ಕದಲ್ಲಿ ನಿಂತಿದ್ದ ಮಗಳು ದಿಶಾ ಕೂಗಿದಳು.

"ನಂಗೆಲ್ಲಿ ಹೇಳಿದ್ರೇ? ಕಾರಿಗೆ ಹೇಳಿರ್ತಾರೆ."

ಹ್ಯಾಂಡ್‌ಬ್ರೇಕ್ ಇಳಿಸಿ ಮತ್ತೆ ತುಳಿದೆ. ಟೈರುಗಳು ಕಿರುಚಿದವು. ಬಿಳಿ ಹೊಗೆ ಕಿಟಕಿಗಳನ್ನೆಲ್ಲ ಮುಚ್ಚಿತು. ಅದರೊಳಗೆ ಕೂತು ನಾನು ಬಾಯಿಬಿಟ್ಟು ಅತ್ತೆ. ಅಪಾರ್ಟ್‌ಮೆಂಟಿನ ತೆಳು ಗೋಡೆಯಾಚೆಗೆ ಕೇಳಿಸೀತೆಂದು ಇಷ್ಟು ದಿನ ನುಂಗಿಕೊಂಡಿದ್ದ ಅಳು. ಕಾರು ನನಗಿಂತ ಜೋರಾಗಿ ಕೂಗಿ ನನ್ನ ಮರ್ಯಾದೆ ಉಳಿಸಿತು.

ಹೊಗೆ ತಿಳಿಯಾದ ಮೇಲೆ ಇಲ್ಲಿನ ಪದ್ಧತಿಯಂತೆ ಎಲ್ಲರೂ ಪೊರಕೆ ಹಿಡಿದು ನೆಲದ ಮೇಲಿನ ರಬ್ಬರ್ ಚೂರುಗಳನ್ನು ಗುಡಿಸಿದೆವು. ಆಮೇಲೆ ಸಾತೋ-ಸಾನ್ ಒಳಗೆ ಕೂತು, ಸೀಟು ಹಿಂದೆ ಸರಿಸಿ, ಸ್ಟೀರಿಂಗನ್ನು ಮೆಲ್ಲಗೆ ಸವರಿದರು. "ಎಂಥ ಮುದ್ದು!" ಎಂದರು. ನಾನು ಹೋಗಿ ಕಾರಿನ ಬಾಗಿಲು ತೆರೆದು ಹಿಡಿದೆ.

"ಸುಮಿಮಾಸೆನ್, ಕ್ಷಮಿಸಿ ಸಾತೋ-ಸಾನ್. ಕೊಡಲು ಆಗುವುದಿಲ್ಲ."

ಅವರು ತಲೆಬಾಗಿ ಇಳಿದರು.

"ಅಮ್ಮಾ, ನಿಂಗೆ ಇದನ್ನ ಪಾರ್ಕ್ ಮಾಡೋಕೂ ಬರಲ್ಲ!"

"ಕಲೀತೀನಿ. ಬಾಯಿ ಮುಚ್ಕೊಂಡು ಹತ್ತು."

ದಾರಿಯಲ್ಲಿ ಕೆಂಪು ದೀಪ ಬಿತ್ತು. ಮಗಳು ಫೋನ್ ನೋಡುತ್ತಿದ್ದಾಗ, ಸಾತೋ-ಸಾನ್ ಸವರಿದ ಜಾಗವನ್ನು ದುಪಟ್ಟಾದಿಂದ ಚೆನ್ನಾಗಿ ಒರೆಸಿದೆ.