ಬಾಯಿಯವರ ಚಿತ್ರದಲ್ಲಿ ನಮ್ಮ ಗುಡ್ಡ

ಮನೆಯವರೆಲ್ಲ ಮುಖ ಇಳಿಬಿಟ್ಟು ಕೂತಾಗಲೇ ನನಗೆ ಇಂಥ ನಗು ಬರಿಸುವ ಸಂಗತಿ ನೆನಪಾಗುತ್ತವೆ. ನಕ್ಕು ಗಂಡನಿಂದ ಬೈಸಿಕೊಳ್ಳುತ್ತೇನೆ. ಗೋವಾದ ಫೋಂಡಾ ಕಡೆಯ ಗುಡ್ಡದ ಮೇಲಿನ ನಮ್ಮ ಆರು ಶೆಡ್ಡು ಕೆಡವುತ್ತೇವೆಂದು ಸರ್ಕಾರದವರು ಈ ಮಳೆಗಾಲ ನೋಟೀಸು ಅಂಟಿಸಿದರು. ಐದು ವರ್ಷದಿಂದ ಇಲ್ಲೇ ಇದ್ದೇವೆಂದು ತೋರಿಸಿದರೆ ಬೇರೆ ಜಾಗ ಸಿಗುತ್ತದಂತೆ. ತೋರಿಸಲು ಇದ್ದದ್ದು ಒಂದು ಚಿತ್ರ.

ಮಳೆಗೂ ಕೆಲಸ

ನಾನು ಪಾತ್ರೆ ತೊಳೆಯುವ ಮನೆಯ ಯಜಮಾನಿ ಚಿತ್ರ ಬರೆಯುತ್ತಾರೆ; ಇಲ್ಲಿಯವರಂತೆ ನಾನೂ ಅವರನ್ನು ಬಾಯಿ ಎನ್ನುತ್ತೇನೆ. ಆರು ವರ್ಷದ ಹಿಂದೆ, ನಾನು ಸೇರಿದ ಹೊಸದರಲ್ಲಿ, ಬಾಲ್ಕನಿಯಿಂದ ಕಾಣುವ ನಮ್ಮ ಗುಡ್ಡವನ್ನೇ ಬರೆದು, ಹಾಳೆ ಅಲ್ಲೇ ಬಿಟ್ಟು ಒಳಗೆ ಹೋದರು. ತುಂತುರು ಶುರುವಾಯಿತು. ಓಡಿಹೋಗಿ ಹಾಳೆ ಒಳಗೆ ತಂದೆ. ಬಾಯಿ ತಲೆ ಹಿಡಿದುಕೊಂಡರು. ಮೋಡ ತಾನಾಗಿ ಹರಡಲಿ ಎಂದು ಬೇಕಂತಲೇ ಮಳೆಗೆ ಇಟ್ಟಿದ್ದರಂತೆ. ಆ ಮನೆಯಲ್ಲಿ ಕೆಲಸದವರು ಇಬ್ಬರು, ನಾನು ಮತ್ತು ಮಳೆ. ವರ್ಷಕ್ಕೆ ನಾಲ್ಕೇ ತಿಂಗಳು ಬರುವ ಮಳೆಗೆ ಬೈದದ್ದು ನಾನು ಕೇಳಿಲ್ಲ.

ನೀರು ಜಾಸ್ತಿ

ನನ್ನ ಗಂಡ ಗೌಂಡಿ. ಬಾಯಿಯ ಮನೆ ಗೋಡೆಗೆ ಗಿಲಾವು ಮಾಡಲು ಹೋದವನು ಆ ಚಿತ್ರದ ಮುಂದೆ ನಿಂತ. ಹಸಿರಿನೊಳಗೆ ಹಸಿರು ಇಳಿದು, ಗುಡ್ಡ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ.

"ನೀರ ಜಾಸ್ತಿ ಆಗೇತಿ, ಮಾಲ್ ನಿಂತಿಲ್ಲ," ಎಂದು, ಸಿಮೆಂಟು ಕಲಸಿದ ಮಾಲಿನ ಲೆಕ್ಕದಲ್ಲೇ, ನನ್ನ ಕಿವಿಯಲ್ಲಿ ಅಂದ.

ನಾನು ಸುಮ್ಮನಿರುವವಳಲ್ಲ, ಹಿಂದಿಯಲ್ಲಿ ಬಾಯಿಗೆ ಒಪ್ಪಿಸಿದೆ. ನೀರನ್ನು ಅದು ಹೋದತ್ತ ಬಿಡುವುದೇ ದೊಡ್ಡ ಕೆಲಸ ಎಂದು ಬಾಯಿ ನಕ್ಕರು. ಹಾಗೆ ಬಿಟ್ಟದ್ದಕ್ಕೇ ಅದರ ಹಿಂದಿನ ವಾರ ಕಾಂಟ್ರಾಕ್ಟರ್ ಇವನ ಒಂದು ಗೋಡೆ ಕೆಡವಿಸಿದ್ದ.

ಯಾರ ಮನೆ

ನೋಟೀಸು ಬಂದಾಗ ನಮ್ಮಲ್ಲಿ ಯಾರ ಬಳಿಯೂ ಶೆಡ್ಡಿನ ಹಳೆಯ ಫೋಟೋ ಇರಲಿಲ್ಲ. ಗಂಡನ ಮೊಬೈಲಿನಲ್ಲಿ ಟಾರ್ಚ್ ಇತ್ತು, ಕ್ಯಾಮೆರಾ ಇಲ್ಲ. ಚಿತ್ರದ ಮೂಲೆಯಲ್ಲಿ ಸಹಿಯೂ ಇಸವಿಯೂ ಇವೆ ಎಂದು ಬಾಯಿಯೇ ಅದನ್ನು ಗೋಡೆಯಿಂದ ಇಳಿಸಿ ಕೊಟ್ಟರು. ಆರೂ ಶೆಡ್ಡಿನ ಹೆಂಗಸರು ಅರ್ಜಿಯ ಜೊತೆ ಅದನ್ನೂ ಹಿಡಿದು ಕಚೇರಿಗೆ ಹೋದೆವು.

ಗುಮಾಸ್ತ ಕಾರವಾರ ಕಡೆಯವನು, ಕನ್ನಡ ಬರುತ್ತಿತ್ತು. ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಮನೆ ಎಲ್ಲಿ ಎಂದ.

"ಹತ್ರದಿಂದ ಕಾಣಂಗಿಲ್ರಿ ಸಾಹೇಬ್ರ. ಬಾಗಲದಾಗ ನಿಂತು ಅರ್ಧ ಕಣ್ಣ ಮುಚ್ಚಿ ನೋಡ್ರಿ," ಅಂದೆ.

ಪುಣ್ಯಾತ್ಮ ಹೋಗಿ ನಿಂತ. ಅಷ್ಟೂ ಹಸಿರಿನ ನಡುವೆ ಬಾಯಿ ಒಂದು ಕಡೆ ಬಣ್ಣ ಹಚ್ಚದೆ ಹಾಳೆ ಬಿಟ್ಟಿದ್ದರು. ಮಳೆ ನಿಂತ ಮೇಲೆ ನಮ್ಮ ಶೆಡ್ಡಿನ ತಗಡು ಹೊಳೆಯುವುದು ಥೇಟ್ ಹಾಗೆಯೇ. ಅವನಿಗೂ ಕಂಡಿತು.

"ಹೌದು, ಒಂದು ಮನೆ ಇದೆ. ಯಾರದು?"

ಆರು ಮಂದಿಯೂ ಆ ಒಂದೇ ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟೆವು.

"ಇಷ್ಟು ಜನ ಆ ಒಂದು ಮನೆಯಲ್ಲಿ ಹೇಗೆ ಇದ್ದೀರಿ?"

"ಅದಕ್ಕ ಅಲ್ರೀ, ಬ್ಯಾರೆ ಜಾಗಾ ಕೇಳಾಕ ಬಂದಿದ್ದು," ಅಂದೆ.

ಕಚೇರಿಯೆಲ್ಲ ನಕ್ಕಿತು. ಚಿತ್ರ ಸಾಕ್ಷಿಗೆ ನಡೆಯುವುದಿಲ್ಲ ಎಂದು ನಗುತ್ತಲೇ ಅರ್ಜಿ ವಾಪಸ್ ಕೊಟ್ಟರು.