ಅತ್ತೆ ಮನೆಯ ಜೇಡ

ತಲೆ ನರೆಯುವುದಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು ಎಂದು ಬುದ್ಧಿ ಹೇಳುವವರನ್ನು ನಾನು ನಂಬುವುದಿಲ್ಲ. ಅಂಥವರಿಗೆ ಷಡ್ಡಕನಿರುವುದಿಲ್ಲ, ಇದ್ದರೂ ಅವನ ತಲೆ ಮೊದಲೇ ನರೆತಿರುತ್ತದೆ. ನನ್ನ ಹೆಂಡತಿ ಗಿರಿಜೆಯ ತಂಗಿಯ ಗಂಡ ಚಂದ್ರು ಹೆಚ್ಚುಕಡಿಮೆ ನನ್ನ ವಯಸ್ಸಿನವನೇ. ಮಾಚೇನಹಳ್ಳಿಯಲ್ಲಿ ಲೇತ್ ಮಷೀನು ಇಟ್ಟುಕೊಂಡು ದಿನವಿಡೀ ಕಬ್ಬಿಣದ ಚೂರಿನ ನಡುವೆ ನಿಲ್ಲುತ್ತಾನೆ, ಆದರೂ ತಲೆ ಕಾಡಿಗೆಯ ಹಾಗೆ ಕಪ್ಪು. ನಾನು ಶಿವಮೊಗ್ಗದ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಸಂಬಳ ಎಣಿಸುವವನು, ಕಿವಿಯ ಸುತ್ತ ಪೂರಾ ಬೆಳ್ಳಗೆ. ಒಂದು ಮದುವೆಯಲ್ಲಿ ಗುರುತಿಲ್ಲದ ಅಜ್ಜಿಯೊಬ್ಬರು ನನ್ನನ್ನು ತೋರಿಸಿ, "ನಿಮ್ಮ ಮಾವನೋರಾ?" ಎಂದು ಅವನನ್ನೇ ಕೇಳಿದ್ದರು. ಅವನು ನಕ್ಕ. ಆ ನಗು ನನಗೆ ಸರಿ ಬರಲಿಲ್ಲ.

ಹೀಗಿರುವಾಗ ಭದ್ರಾವತಿಯ ನ್ಯೂಟೌನಿನಲ್ಲಿರುವ ಅತ್ತೆ ಮನೆಯಲ್ಲಿ ಭಾಮೈದನ ನಿಶ್ಚಿತಾರ್ಥ ಗೊತ್ತಾಯಿತು. ಹೊರಡುವ ಹಿಂದಿನ ದಿನ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಅಂಗಡಿಯಿಂದ ಪೇಪರಿನಲ್ಲಿ ಸುತ್ತಿ ತಂದಿದ್ದ ಕಪ್ಪು ಪುಡಿಯನ್ನು ಕಲಸಿ, ಹಳೇ ಟೂತ್‌ಬ್ರಷ್ಷಿನಲ್ಲಿ ತಲೆಗೆ ಹಚ್ಚಿಕೊಂಡೆ. ಹೊರಗೆ ಬಂದಾಗ ಗಿರಿಜೆ ನನ್ನನ್ನು ನೋಡಿ, "ಏನ್ರೀ, ಇವತ್ತು ಸ್ನಾನ ಇಷ್ಟೊತ್ತು?" ಎಂದಳೇ ಹೊರತು ಮತ್ತೇನೂ ಕೇಳಲಿಲ್ಲ. ಗಮನಿಸಿಲ್ಲ ಎಂದುಕೊಂಡೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಹೆಂಡತಿ ಗಮನಿಸಿಲ್ಲ ಎಂದುಕೊಳ್ಳುವ ಧೈರ್ಯ ನನ್ನಲ್ಲಿ ಉಳಿದಿತ್ತು.

ಅತ್ತೆ ಮನೆಯಲ್ಲಿ ಗಂಡಸರಿಗೆಲ್ಲ ನಡುಮನೆಯಲ್ಲಿ ಚಾಪೆ. ಅಲ್ಲಿನ ಕಬ್ಬಿಣದ ಬೀರುವಿನ ಅಡಿಯಲ್ಲಿ ಒಂದು ಜೇಡ ವಾಸವಾಗಿತ್ತು. ಹುಣಸೆ ಬೀಜಕ್ಕಿಂತ ಚಿಕ್ಕದು, ಮಣ್ಣಿನ ಬಣ್ಣ. ಬಲೆ ಕಟ್ಟುವುದಿಲ್ಲ, ಗೋಡೆ ಹತ್ತುವುದಿಲ್ಲ. ಹಗಲೆಲ್ಲ ಅಡಗಿದ್ದು, ದೀಪ ಆರಿಸಿದ ಮೇಲೆ ನೆಲದ ಮೇಲೇ ಓಡಾಡಿ ಸಣ್ಣಪುಟ್ಟ ಹುಳ ಹಿಡಿಯುತ್ತದೆ. ಹೋದಾಗೆಲ್ಲ ಅದನ್ನು ನೋಡುತ್ತಿದ್ದೆ. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.

ನಿಶ್ಚಿತಾರ್ಥದ ಬೆಳಿಗ್ಗೆ ಎದ್ದರೆ ಎರಡೂ ಕಿವಿ ಕೆಂಪಗೆ ಊದಿ, ಹಣೆಯಂಚಿನಲ್ಲಿ ಸಾಲಾಗಿ ಬೊಕ್ಕೆ ಎದ್ದಿವೆ, ತುರಿಕೆ ತಡೆಯಲಾಗದು. ಇದು ಆ ಕಪ್ಪು ಪುಡಿಯ ಕೆಲಸವೆಂದು ನನಗೆ ತಕ್ಷಣ ಗೊತ್ತಾಯಿತು. ಹೇಳಿದರೆ ಬಣ್ಣ ಹಚ್ಚಿದ್ದು ಚಂದ್ರುವಿನ ಎದುರೇ ಬಯಲಾಗುತ್ತದೆ. ಅಷ್ಟರಲ್ಲಿ ಅತ್ತೆ ಬಂದು ನನ್ನ ಮುಖ ನೋಡಿದರು, ದಿಂಬು ನೋಡಿದರು. ಆಮೇಲೆ ಮನೆಗೆಲ್ಲ ಕೇಳುವ ಹಾಗೆ, "ಅಯ್ಯೋ ಅಳಿಯಂದ್ರೇ, ರಾತ್ರಿ ಜೇಡ ಉಚ್ಚೆ ಹೊಯ್ದಿದೆ ಕಣ್ರೀ" ಎಂದು ತೀರ್ಪು ಕೊಟ್ಟು, ಕೆಮ್ಮಣ್ಣು ಕಲಸಿ ತಂದು ಹಚ್ಚಿಯೇಬಿಟ್ಟರು.

ಮಾವನವರು ಅಷ್ಟಕ್ಕೆ ಬಿಡುವವರಲ್ಲ. "ಬೀಗರು ಬರೋದ್ರೊಳಗೆ ಅದನ್ನ ಹುಡುಕಿ ಹೊಡೀಬೇಕು. ಬೀರು ಸರಿಸ್ರಪ್ಪ" ಎಂದರು. ಚಂದ್ರು ಪೊರಕೆ ಹಿಡಿದ. ಒಂದು ನಿರಪರಾಧಿ ಜೀವ ನನ್ನ ಶೋಕಿಗೆ ಸಾಯುತ್ತದಲ್ಲ ಎಂದು ಗಂಟಲು ಸರಿಮಾಡಿಕೊಂಡು, "ಜೇಡ ಅಲ್ಲದೆಯೂ ಇರಬಹುದು" ಎಂದೆ.

"ಮತ್ತೆ ಇನ್ನೇನು?" ಎಂದರು ಮಾವ. ಎಲ್ಲರೂ ನನ್ನ ಕಡೆ ತಿರುಗಿದರು, ಚಂದ್ರುವೂ.

"ಜೇಡಾನೇ ಇರಬೇಕು" ಎಂದೆ.

ಬೀರು ಸರಿದಾಗ ಜೇಡ ಹೊರಬಂತು. ಬೆಳಕಿಗೆ ಕಣ್ಣು ಕೋರೈಸಿತೋ ಏನೋ, ಒಂದು ಕ್ಷಣ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ಚಂದ್ರು ಪೊರಕೆ ಬೀಸಿದ ಸದ್ದು ಕೇಳಿತು. ಕಣ್ಣು ಬಿಟ್ಟರೆ ಏಟು ಒಂದು ಮೊಳ ಆಚೆ ಬಿದ್ದಿತ್ತು. ಜೇಡ ಹೊಸಿಲು ದಾಟಿ ಅಂಗಳದ ಕಲ್ಲಿನ ಸಂದಿಗೆ ಸೇರಿಕೊಂಡಿತು. "ಹೋಗ್ಲಿ ಬಿಡಿ ಅಣ್ಣಾ, ಪಾಪ, ಅದೇನ್ ಮಾಡುತ್ತೆ" ಎಂದ ಚಂದ್ರು. ಲೇತ್ ಮಷೀನಿನಲ್ಲಿ ಕೂದಲೆಳೆಯಷ್ಟೂ ತಪ್ಪದ ಕೈ ಇಲ್ಲಿ ಹೇಗೆ ತಪ್ಪಿತು ಎಂಬ ಯೋಚನೆಯೇ ನನಗೆ ಬರಲಿಲ್ಲ. ಸಮಾಧಾನದಿಂದ, ಕಪ್ಪು ತಲೆ ಮತ್ತು ಕೆಂಪು ಕಿವಿಗಳೊಂದಿಗೆ ಬೀಗರ ಪಕ್ಕ ಕೂತು ಫೋಟೋ ತೆಗೆಸಿಕೊಂಡೆ.

ಸಂಜೆ ವಾಪಸು ಬರುವಾಗ ಬಸ್ಸು ಮಲವಗೊಪ್ಪ ದಾಟುತ್ತಿತ್ತು. "ನಿಮ್ಮಮ್ಮ ಈ ಕಾಲದಲ್ಲೂ ಜೇಡ ಅದೂ ಇದೂ ಅಂತ ನಂಬ್ತಾರಲ್ಲ" ಎಂದೆ.

"ಯಾರು ನಂಬ್ತಾರೆ ಮಾರಾಯ್ರೇ" ಎಂದಳು ಗಿರಿಜೆ. "ದಿಂಬಿನ ಕವರ್ ಪೂರ್ತಿ ಕಪ್ಪಾಗಿತ್ತು. ಬೀಗರ ಮುಂದೆ ಅಳಿಯನ ಮಾನ ಹೋಗಬಾರದು ಅಂತ ಅಮ್ಮ ಜೇಡದ ಮೇಲೆ ಹಾಕಿದ್ಲು. ಅಪ್ಪ ಒಬ್ಬರಿಗೆ ಗೊತ್ತಾಗ್ಲಿಲ್ಲ."

"ಚಂದ್ರೂಗೆ?"

"ಅವರಿಗೆ ಗೊತ್ತಾಗ್ದೆ ಇರುತ್ತಾ? ಹಿಂದೆ ಗೌರಿಹಬ್ಬಕ್ಕೆ ಬಂದಾಗ ಅವರಿಗೂ ಇದೇ ಜೇಡಾನೇ."

ಚಂದ್ರುವಿನ ಕಾಡಿಗೆಯಂಥ ತಲೆ ನನ್ನ ಕಣ್ಣ ಮುಂದೆ ಬಂತು. ಅವಳೇ ಮುಂದುವರಿಸಿದಳು: "ಈಗ ಬೇರೆ ಯಾವ್ದೋ ಹಚ್ಕೊಳ್ತಾರಂತೆ, ಬೊಕ್ಕೆ ಏಳಲ್ವಂತೆ. ತಂಗಿ ಹತ್ರ ಹೆಸರು ಕೇಳ್ಲಾ?"

"ಏನೂ ಬೇಡ. ವಯಸ್ಸಾದ ಮೇಲೆ ಇವೆಲ್ಲ ಶೋಭೆಯಲ್ಲ" ಎಂದೆ, ಗಂಭೀರವಾಗಿ.

ಬಸ್ಸು ಶಿವಮೊಗ್ಗದ ಸ್ಟ್ಯಾಂಡಿನೊಳಗೆ ತಿರುಗುವಾಗ, ಕೆಮ್ಮಣ್ಣು ಉದುರುತ್ತಿದ್ದ ಕಿವಿಯನ್ನು ಒರೆಸಿಕೊಳ್ಳುತ್ತ, "ಸುಮ್ಮನೆ ಕೇಳಿಟ್ಟಿರು" ಎಂದೆ.