ಹೆಚ್ಚು ಕಡಿಮೆ ಮೇಷ್ಟ್ರು

ನಮ್ಮ ಸೋದರಮಾವ ಗಣಿತದ ಮೇಷ್ಟ್ರು. ಆದರೆ ಜೀವಮಾನದಲ್ಲಿ ಒಂದೇ ಒಂದು ಪ್ರಶ್ನೆಗೂ ಇಂತಿಷ್ಟೇ ಎಂದು ಉತ್ತರ ಕೊಟ್ಟವರಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು! ಗಂಟೆ ಎಷ್ಟು ಮಾವ ಎಂದು ಕೇಳಿದರೆ, ಕೈಗೆ ಗಡಿಯಾರ ಕಟ್ಟಿಕೊಂಡೇ, "ಎಂಟರ ಮೇಲಾಗಿದೆ ಕಣೆ, ಒಂಬತ್ತಾಗಿಲ್ಲ" ಎನ್ನುತ್ತಿದ್ದರು. ಹೋಟೆಲಿನಲ್ಲಿ ಕಾಫಿಗೆ ಸಕ್ಕರೆ ಎಷ್ಟು ಎಂದರೆ, "ಒಂದು ಚಮಚಕ್ಕೆ ಕಡಿಮೆ ಬೇಡಪ್ಪಾ, ಎರಡು ಮುಟ್ಟಬಾರದು." ಮಾಣಿ ಸಕ್ಕರೆ ಡಬ್ಬಿಯನ್ನೇ ಮುಂದಿಟ್ಟು ಹೊರಟುಹೋಗುತ್ತಿದ್ದ. ಸ್ಕೂಲಿನ ಹುಡುಗರು ಅವರಿಗೆ 'ಹೆಚ್ಚು ಕಡಿಮೆ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ.

ಇದಕ್ಕೆಲ್ಲ ಮೂಲ ಭಯ. ನಮ್ಮ ಮಾವನಷ್ಟು ಹೆದರುವ ಜೀವವನ್ನು ನಾನು ಇವತ್ತಿಗೂ ನೋಡಿಲ್ಲ. ಮತ್ತಿಕೆರೆಯಿಂದ ಯಶವಂತಪುರದ ಸ್ಕೂಲಿಗೆ ನಡೆದು ಹೋಗುವ ದಾರಿಯಲ್ಲಿ ರೈಲ್ವೆ ಗೇಟು ಹಾಕಿಬಿಟ್ಟರೆ ಎಂಬ ಭಯ. ಗೇಟು ತೆರೆದಿದ್ದರೆ, ರೈಲು ಬರುತ್ತಿರುವುದನ್ನು ಗೇಟಿನವನು ಮರೆತಿದ್ದರೆ ಎಂಬ ಭಯ. ಬೇಸಿಗೆಯಲ್ಲೂ ಛತ್ರಿ. ಬೀಗ ಹಾಕಿ ಹೊರಟವರು ಬೇಲಿಯ ತನಕ ಹೋಗಿ, ವಾಪಸು ಬಂದು, ಬೀಗ ಜಗ್ಗಿ ನೋಡುತ್ತಿದ್ದರು. ಒಳಗೆ ಕೂತಿರುತ್ತಿದ್ದ ನಮ್ಮ ಅಜ್ಜಿ, "ನಾನು ಒಳಗೇ ಇವ್ನಿ ಕಣ್ಲಾ, ಬೀಗ ತೆಗಿ" ಎಂದು ಕೂಗುತ್ತಿದ್ದಳು.

ಇಂಥವರಿಗೆ ಸಮೀಕರಣ ಕಲಿಸುವ ಕೆಲಸ! 'ಎಕ್ಸ್ ಅಂದರೆ ಐದು' ಎಂದು ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಸಣ್ಣದಾಗಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದರು. "ಐದೇ ಅಂತ ಅಷ್ಟು ಗಟ್ಟಿಯಾಗಿ ಹೇಳೋಕೆ ನಾವ್ಯಾರು?" ಎಂದು ಮನೆಗೆ ಬಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಅಷ್ಟರಲ್ಲಿ, ಅರವತ್ತರ ದಶಕದ ಕೊನೆಯಲ್ಲಿ, ಹೊಸ ಗಣಿತ ಬಂತು. ಉಳಿದ ಮೇಷ್ಟ್ರುಗಳೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ಮಾವ ಮಾತ್ರ ಬೇಸಿಗೆಯ ತರಬೇತಿ ಮುಗಿಸಿ ಮದುವಣಿಗನ ಹಾಗೆ ನಗುತ್ತಾ ಬಂದರು. ಯಾಕೆಂದರೆ ಅದರಲ್ಲಿ ಅಸಮತೆ ಎಂಬ ಪಾಠವಿತ್ತು. ಅಲ್ಲಿ ಎಕ್ಸ್ ಐದಾಗಿರಬೇಕಾದ ಕಷ್ಟವಿಲ್ಲ. ಐದಕ್ಕಿಂತ ಹೆಚ್ಚು ಎಂದರೂ ಉತ್ತರ ಸರಿ, ಪೂರ್ತಿ ಅಂಕ! ಮಾವನಿಗೆ ಬೇರೇನು ಬೇಕು?

ಅವತ್ತಿನಿಂದ ಅವರ ಜೇಬಿನಲ್ಲಿ ಸದಾ ಒಂದು ಚೂರು ಸೀಮೆಸುಣ್ಣ. ಎಲ್ಲಿ ಕೂತರೆ ಅಲ್ಲಿ ಸಂಖ್ಯಾರೇಖೆ. ಉದ್ದಕ್ಕೆ ಒಂದು ಗೆರೆ, ಮೇಲೆ ಅಂಕಿಗಳು, ಉತ್ತರ ಶುರುವಾಗುವ ಕಡೆ ಒಂದು ಸೊನ್ನೆ, ಅಲ್ಲಿಂದ ಆಚೆಗೆ ಬಾಣ. ಐದು ಕೂಡ ಉತ್ತರಕ್ಕೆ ಸೇರಿದರೆ ಸೊನ್ನೆಯ ಹೊಟ್ಟೆ ತುಂಬಬೇಕು, ಸೇರದಿದ್ದರೆ ಖಾಲಿ ಬಿಡಬೇಕು. ಒಂದು ಬೆಳಿಗ್ಗೆ ಅಜ್ಜಿ ಸಾರಿಸಿ ರಂಗೋಲಿ ಇಡಲು ಹೊರಟರೆ ಬಾಗಿಲಲ್ಲಿ ಆಗಲೇ ಮಾವನ ರೇಖೆ!

"ಇದೇನ್ಲಾ ಬಾಕ್ಲಾಗೆ ಆವು ಬರ್ದಿದೀಯ?" ಎಂದಳು ಅಜ್ಜಿ.

"ಹಾವಲ್ಲಮ್ಮ, ಎಕ್ಸ್ ಮೂರಕ್ಕಿಂತ ಹೆಚ್ಚು ಅಂತ."

"ಎಚ್ಚಾದ್ರೆ ಒಳೀಕೆ ಕರಿ, ಬಾಕ್ಲಾಗೆ ಯಾಕೆ ಮಲಗಿಸ್ದೆ?" ಎಂದು ಅದರ ಮೇಲೆ ಸಗಣಿ ನೀರು ಹೊಯ್ದಳು.

ಈಗ ನನ್ನ ವಿಷಯಕ್ಕೆ ಬರಬೇಕು. ನಗು ಇಲ್ಲಿಗೆ ಸ್ವಲ್ಪ ಕಡಿಮೆಯಾಗುತ್ತದೆ. ನನ್ನ ಅಪ್ಪ ಅಮ್ಮ ಹೆಸರಘಟ್ಟದ ಕಡೆ ಹೊಲ ಮಾಡಿಕೊಂಡಿದ್ದರು. ಅಲ್ಲಿ ಹೈಸ್ಕೂಲಿಲ್ಲದ ಕಾರಣ ನಾನು ಅಜ್ಜಿಯ ಮನೆಯಲ್ಲಿದ್ದೆ. ಎಸ್ಸೆಸ್ಸೆಲ್ಸಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ಹತ್ತೊಂಬತ್ತು ಬಂತು. ಅಜ್ಜಿ ನಡುಮನೆಯಲ್ಲಿ ಕೂತು ತೀರ್ಪು ಕೊಟ್ಟಳು: "ಪರೀಕ್ಸೆ ಪೇಲಾದ್ರೆ ಓದು ಸಾಕು. ಶ್ರಾವಣದಾಗೆ ಇವಳಿಗೂ ನಿಂಗೂ ಮದ್ವೆ."

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಎಂದರೆ ಎಲೆಗೆ ಉಪ್ಪು ಬಡಿಸಿದಷ್ಟು ಸಹಜ. ಹೊಲ ಮನೆ ಆಚೆ ಹೋಗುವುದಿಲ್ಲ, ಹೆಣ್ಣು ಕಣ್ಣ ಮುಂದೆಯೇ ಇರುತ್ತಾಳೆ. ಅಪ್ಪನೂ ಹೂಂ ಎಂದುಬಿಟ್ಟಿದ್ದ. ನನಗೆ ಹದಿನಾರು, ಮಾವನಿಗೆ ಮೂವತ್ತೊಂದು. ನನಗೋ ಕಾಲೇಜಿಗೆ ಹೋಗಬೇಕೆಂಬ ಹುಚ್ಚು ಆಸೆ. ಮಾವನ ಕಡೆ ನೋಡಿದರೆ ಅವರು ನನಗಿಂತ ಬಿಳಿಚಿಕೊಂಡಿದ್ದರು. ಅಜ್ಜಿಗೆ ಎದುರಾಡಿ ಅವರಿಗೆ ಅಭ್ಯಾಸವೇ ಇರಲಿಲ್ಲ. ಗೊತ್ತಿದ್ದ ಒಂದೇ ದಾರಿ ಹಿಡಿದರು.

"ಅಮ್ಮ, ಇವತ್ತು ನನ್ನ ವಯಸ್ಸು ಇವಳಿಗಿಂತ ಹೆಚ್ಚು ತಾನೆ? ಎರಡು ಕಡೆಗೂ ಹತ್ತು ವರ್ಷ ಕೂಡು. ಆಗ್ಲೂ ನಾನೇ ಹೆಚ್ಚು. ಇಪ್ಪತ್ತು ಕೂಡು, ಆಗ್ಲೂ ಅಷ್ಟೇ. ಎಷ್ಟು ಕೂಡಿದ್ರೂ ಚಿಹ್ನೆ ತಿರುಗಲ್ಲಮ್ಮ."

"ಮತ್ತೆ? ಗಂಡು ಯಾವಾಗ್ಲೂ ಎಚ್ಚಿಗೇ ಇರ್ಬೇಕು" ಎಂದಳು ಅಜ್ಜಿ. "ಸರಿಯಾಗೇ ಐತಲ್ಲ!"

ಅಲ್ಲಿಗೆ ಗಣಿತ ಸೋತಿತು. ಉಳಿದದ್ದು ಒಂದೇ ದಾರಿ, ನಾನು ಪಾಸಾಗುವುದು. ಮಾವ ಗೋಡೆಯ ಮೇಲೆ ನನ್ನ ಹಣೆಬರಹವನ್ನೇ ಬರೆದರು. ಹತ್ತೊಂಬತ್ತಕ್ಕೆ ಎಕ್ಸ್ ಕೂಡಿದರೆ ಮೂವತ್ತೈದು ಅಥವಾ ಹೆಚ್ಚು ಆಗಬೇಕು. ಎರಡು ಕಡೆಯಿಂದಲೂ ಹತ್ತೊಂಬತ್ತು ಕಳೆ. ಎಕ್ಸ್ ಹದಿನಾರು ಅಥವಾ ಹೆಚ್ಚು. "ಹದಿನಾರು ಬಂದ್ರೂ ಸಾಕು ಕಣೆ. ನೋಡು, ಹೊಟ್ಟೆ ತುಂಬಿದ ಸೊನ್ನೆ" ಎಂದು ಸೀಮೆಸುಣ್ಣ ಪುಡಿಯಾಗುವ ತನಕ ತಿಕ್ಕಿ ತಿಕ್ಕಿ ತುಂಬಿದರು.

ನನ್ನ ರೋಗ ಬೇರೆಯದೇ ಇತ್ತು. ಸಮೀಕರಣ ಕಲಿಯುವಾಗ ಆಚೆ ಕಡೆಗೆ ಹೋದ ಅಂಕಿಗೆ ಕೂಡು ಇದ್ದದ್ದು ಕಳೆಯಾಗುತ್ತದೆ ಎಂದು ಬಾಯಿಪಾಠ ಮಾಡಿದ್ದೆನಲ್ಲ, ಅದೇ ಚಾಳಿ. ಅಂಕಿ ದಾಟಿಸಿದ ಕೂಡಲೇ ಗಾಬರಿಯಲ್ಲಿ 'ಹೆಚ್ಚು' ಎಂಬ ಚಿಹ್ನೆಯನ್ನೂ ತಿರುಗಿಸಿ 'ಕಡಿಮೆ' ಮಾಡಿಬಿಡುತ್ತಿದ್ದೆ. ಎಕ್ಸ್‌ಗೆ ಏಳು ಕೂಡಿದರೆ ಹನ್ನೆರಡಕ್ಕಿಂತ ಹೆಚ್ಚು ಎಂದು ಕೊಟ್ಟರೆ, ನನ್ನ ಉತ್ತರ: ಎಕ್ಸ್ ಐದಕ್ಕಿಂತ ಕಡಿಮೆ. ಬಾಣ ಪೂರ್ವಕ್ಕೆ ಹೋಗುವ ಬದಲು ಪಶ್ಚಿಮಕ್ಕೆ!

"ನಾಲ್ಕು ಐದಕ್ಕಿಂತ ಕಡಿಮೆ ತಾನೆ? ಹಾಕಿ ನೋಡು" ಎನ್ನುತ್ತಿದ್ದರು ಮಾವ. "ನಾಲ್ಕಕ್ಕೆ ಏಳು ಕೂಡಿದ್ರೆ ಎಷ್ಟು?"

"ಹನ್ನೊಂದು."

"ಹನ್ನೆರಡು ದಾಟ್ತಾ?"

"ಇಲ್ಲ ಮಾವ."

"ಮತ್ಯಾಕೆ ತಿರುಗಿಸ್ತೀಯ ತಾಯಿ? ಕೂಡೋದ್ರಲ್ಲಿ, ಕಳೆಯೋದ್ರಲ್ಲಿ ಚಿಹ್ನೆ ತಿರುಗಲ್ಲ. ತಿರುಗಿಸ್ಬೇಡ."

ಈ 'ತಿರುಗಿಸ್ಬೇಡ' ಅವರ ಬಾಯಲ್ಲಿ ಮಂತ್ರವಾಯಿತು. ಬಚ್ಚಲಿನಿಂದ ಕೂಗುತ್ತಿದ್ದರು, ಪಂಚೆ ಒಣಗಹಾಕುತ್ತಾ ಕೂಗುತ್ತಿದ್ದರು. ಒಮ್ಮೆ ಅಜ್ಜಿ ಒಲೆಯ ಮುಂದೆ ಕೂತು ರೊಟ್ಟಿ ಮಗುಚಲು ಕೈ ಎತ್ತಿದಾಗಲೂ, ಯೋಚನೆಯಲ್ಲಿದ್ದ ಮಾವ "ತಿರುಗಿಸ್ಬೇಡ" ಎಂದರು. ಅಜ್ಜಿ ಬೆಚ್ಚಿ ಕೈ ಬಿಟ್ಟಳು, ರೊಟ್ಟಿ ಕರಿ ಹೆಂಚಾಯಿತು. ಅವತ್ತು ಅದನ್ನೇ ತಿಂದೆವು.

ನನಗೆ ಇಷ್ಟಕ್ಕೂ ಅರ್ಥವಾಗಲಿಲ್ಲ ಎಂದು ತಿಳಿದಾಗ ಯಶವಂತಪುರದ ಸರ್ಕಲ್ಲಿನ ಶೆಟ್ಟರ ಅಂಗಡಿಗೆ ಕರೆದುಕೊಂಡು ಹೋದರು. ತಕ್ಕಡಿಯ ಒಂದು ತಟ್ಟೆಯಲ್ಲಿ ದೊಡ್ಡ ಬೆಲ್ಲದಚ್ಚು, ಇನ್ನೊಂದರಲ್ಲಿ ಸಣ್ಣದು. ದೊಡ್ಡದು ಕೆಳಗೆ ಕೂತಿತು. ಎರಡೂ ತಟ್ಟೆಗೆ ಒಂದೊಂದು ಸೇರಿನ ಕಲ್ಲು ಹಾಕಿದರು. ದೊಡ್ಡದು ಕೆಳಗೇ ಇತ್ತು. ಕಲ್ಲು ತೆಗೆದರು, ಆಗಲೂ ಕೆಳಗೇ. "ನೋಡ್ದಾ? ಎರಡು ಕಡೆಗೂ ಒಂದೇ ಸಮ ಹಾಕಿದ್ರೆ, ತೆಗೆದ್ರೆ, ಕೆಳಗಿರೋದು ಕೆಳಗೇ" ಎಂದು ಸಂತೋಷದಿಂದ ಹೇಳಿದರು. ಹಿಂದೆ ನಿಂತಿದ್ದ ಗಿರಾಕಿಗಳೆಲ್ಲ ಬಗ್ಗಿ ತಕ್ಕಡಿ ನೋಡತೊಡಗಿದರು.

"ಮೇಷ್ಟ್ರೇ, ದಮ್ಮಯ್ಯ, ಪಾಠ ಸ್ಕೂಲಲ್ಲಿ ಮಾಡಿ" ಎಂದರು ಶೆಟ್ಟರು. "ಯಾವಾಗ್ಲೂ ಒಂದೇ ಕಡೆ ಕೂತ್ಕೊಳ್ಳುತ್ತೆ ನನ್ ತಕ್ಕಡಿ ಅಂತ ಊರೆಲ್ಲ ಮಾತಾಡ್ಕೊಂಡ್ರೆ ನಾನು ಅಂಗಡಿ ಮುಚ್ಬೇಕಾಗುತ್ತೆ."

ಆದರೆ ನನಗೆ ಮಾತ್ರ ಅವತ್ತು ಅರ್ಥವಾಯಿತು. ಆಮೇಲೆ ಲೆಕ್ಕ ಮಾಡುವಾಗಲೆಲ್ಲ ಬೆಲ್ಲ ಕಣ್ಣಿಗೆ ಬರುತ್ತಿತ್ತು.

ಗಣಿತ ಪರೀಕ್ಷೆಯ ದಿನ ಮಾವ ನನ್ನನ್ನು ಎಷ್ಟು ಬೇಗ ಕರೆದುಕೊಂಡು ಹೋದರೆಂದರೆ ಸ್ಕೂಲಿನ ಜವಾನನೇ ಬಂದಿರಲಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ಇಬ್ಬರೂ ಒಂದೇ ಛತ್ರಿಯಡಿ ನಿಂತೆವು. ಪರೀಕ್ಷೆ ಮುಗಿಸಿ ಬಂದರೆ, ಅದೇ ಮರದ ಕೆಳಗೆ ಅದೇ ಛತ್ರಿ ಹಿಡಿದು ಹಾಗೇ ನಿಂತಿದ್ದರು.

"ತಿರುಗಿಸಿದ್ಯಾ?"

"ಇಲ್ಲ ಮಾವ."

"ಸೊನ್ನೆ ತುಂಬಿದ್ಯಾ?"

ನನಗೆ ನೆನಪೇ ಆಗಲಿಲ್ಲ! ತುಂಬಿದೆನೋ ಬಿಟ್ಟೆನೋ, ಎಷ್ಟು ತಲೆ ಕೆರೆದರೂ ಹೊಳೆಯಲಿಲ್ಲ. ಮಾವ "ಇರಲಿ ಬಿಡು" ಎಂದರು. ಆದರೆ ಆ ಬೇಸಿಗೆಯಿಡೀ ಅವರಿಗೆ ಊಟ ಸೇರಲಿಲ್ಲ. ಅಜ್ಜಿ ಅತ್ತ ಸೀರೆ ಯಾವ ಬಣ್ಣದ್ದು ತರಬೇಕೆಂದು ಅಕ್ಕಪಕ್ಕದವರನ್ನು ಕೇಳುತ್ತಿದ್ದಳು. ಚಪ್ಪರಕ್ಕೆ ತೆಂಗಿನ ಗರಿ ಯಾರ ತೋಟದಿಂದ ಎಂಬುದೂ ತೀರ್ಮಾನವಾಗಿತ್ತು. ಹೊರಗೆ ಯಾರಾದರೂ ಕೆಮ್ಮಿದರೆ ಪುರೋಹಿತರು ಬಂದರೇನೋ ಎಂದು ನಾನು ಹಿತ್ತಲಿಗೆ ಓಡುತ್ತಿದ್ದೆ.

ಫಲಿತಾಂಶ ಪೇಪರಿನಲ್ಲಿ ಬಂತು. ಸರ್ಕಲ್ಲಿನಲ್ಲಿ ಪೇಪರು ಕೊಂಡ ಮಾವ ಅದನ್ನು ನನ್ನ ಕೈಗೆ ಕೊಟ್ಟು, ತಾವು ಬೆನ್ನು ತಿರುಗಿಸಿ ನಿಂತರು. "ನೀನೇ ನೋಡು, ನನ್ ಕೈಲಾಗಲ್ಲ." ಅಂಕಿಗಳೆಲ್ಲ ಇರುವೆಗಳ ಹಾಗೆ ಹರಿದಾಡಿದವು. ಕೊನೆಗೆ ನನ್ನ ನಂಬರು ಸಿಕ್ಕಿತು. ಇತ್ತು! "ಮಾವ, ಪಾಸು" ಎಂದೆ. ಅವರು ಅಲ್ಲೇ, ಶೆಟ್ಟರ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಶೆಟ್ಟರು ಒಂದು ಚೂರು ಬೆಲ್ಲ ಕೊಟ್ಟು ನೀರು ಕುಡಿಸಿದರು.

ಮನೆಗೆ ಓಡಿ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಅಲಸಂದೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಪಾಸಾದ್ಯಾ? ಒಳ್ಳೇದಾಯ್ತು. ಓದಿರೋ ಸೊಸೆ ಬಂದಂಗಾಯ್ತು."

"ಅಮ್ಮ, ಪಾಸಾದ್ರೆ ಮದುವೆ ಇಲ್ಲ ಅಂದಿದ್ದೆ" ಎಂದರು ಮಾವ.

"ಪೇಲಾದ್ರೆ ಮದ್ವೆ ಅಂದೆ. ಪಾಸಾದ್ರೆ ಬ್ಯಾಡ ಅಂತ ನಾನು ಯಾವಾಗ್ಲಾ ಅಂದೆ?"

ಹೌದಲ್ಲ! ಅಷ್ಟು ತಿಂಗಳು ಗೋಡೆ ತುಂಬ ಬರೆದ ನಮಗಿಬ್ಬರಿಗೂ ಇದು ಹೊಳೆದಿರಲಿಲ್ಲ. ಮಾವ ಇನ್ನು ಹೂಂ ಎನ್ನುತ್ತಾರೆ, ಇವರಿಗೆ ಬೇರೇನು ಬರುತ್ತದೆ ಎಂದುಕೊಂಡು ಗೋಡೆಗೆ ಆತುಕೊಂಡೆ.

"ಇಲ್ಲಮ್ಮ" ಎಂದರು ಮಾವ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದರು. "ಈ ಮದುವೆ ಆಗಲ್ಲ. ನನ್ ಹೆಗಲ ಮೇಲೆ ಉಚ್ಚೆ ಹುಯ್ದ ಮಗು ಅದು. ಇವಳು ಕಾಲೇಜಿಗೆ ಹೋಗ್ತಾಳೆ, ನಾನೇ ಸೇರಿಸ್ತೀನಿ. ಭಾವನಿಗೂ ನಾನೇ ಹೇಳ್ತೀನಿ."

ಅಜ್ಜಿ ಅಲಸಂದೆಕಾಯಿ ಮೊರ ಪಕ್ಕಕ್ಕಿಟ್ಟಳು. "ಅಂಗಾದ್ರೆ ಇವತ್ತಿಂದ ನನ್ ಕೈಯಾಗೆ ಮುದ್ದೆ ತಿನ್ಬ್ಯಾಡ."

"ಆಗ್ಲಮ್ಮ" ಎಂದು ಮಾವ ಹೊರಗೆ ಹೋದರು.

ನಾನು ಹಿಂದೆಯೇ ಹೋದೆ. ಜಗಲಿಯ ಮೇಲೆ ಕೂತಿದ್ದರು. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದರು. ನನ್ನನ್ನು ಹೆತ್ತ ಅಪ್ಪ ಆಡದ ಮಾತು ಅದು. ಬೀಗ ಹಾಕಿದ ಬಾಗಿಲಿಗೂ ಹೆದರುವ ಈ ಮನುಷ್ಯ ನನಗೋಸ್ಕರ ಆಡಿದ್ದರು. ಪಕ್ಕದಲ್ಲಿ ಕೂತೆ.

"ಅಮ್ಮ ಉಂಡ್ಲಾ ನೋಡು" ಎಂದರು ಮಾವ.

ಒಳಗೆ ಹೋದರೆ ಅಜ್ಜಿ ಒಲೆಯ ಮುಂದೆ ಮುಖ ಆಚೆ ಮಾಡಿ ಕೂತಿದ್ದಳು. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಬಿಸಿ ಮುದ್ದೆ, ಅಲಸಂದೆಕಾಳಿನ ಸಾರು. "ತಗೊಂಡೋಗಿ ಅವನಿಗೆ ಕೊಡು" ಎಂದಳು. "ನಾನ್ ಕೊಟ್ಟೆ ಅನ್ಬ್ಯಾಡ."

ಅಜ್ಜಿಯೇ ಕೊಟ್ಟಳು ಎಂದು ನಾನು ಹೇಳಿಯೇಬಿಟ್ಟೆ. ಮಾವ ತುಂಬ ಹೊತ್ತು ತಟ್ಟೆ ನೋಡುತ್ತಾ ಅತ್ತರು. ಆಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಮೊದಲ ತುತ್ತನ್ನು ನನ್ನ ಬಾಯಿಗೆ ಇಟ್ಟರು.